ಅನು ಅಳಿಸಿದ ಸಾಲು

ಅನು ನನ್ನ ಮಗಳ ಮಗಳು. ಬೈರಾಪಟ್ಟಣದ ನಮ್ಮ ಮನೆಯಿಂದ ಬೆಳಗ್ಗೆ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗುತ್ತಾಳೆ. ಅಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳೂ ಗೆಳತಿ ಮೆಹ್ರೀನೂ ಸೇರಿ ಕುರಿ ಸಾಕುವವರಿಗಾಗಿ ಒಂದು ಆ್ಯಪ್ ಮಾಡಿದ್ದಾರೆ. ಯಾವ ಪ್ರಾಣಿ, ಎಷ್ಟು ತೂಕ ಎಂದು ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು. ಹುಳದ ಔಷಧಿ ಎಷ್ಟು ಕುಡಿಸಬೇಕೆಂದು ಅದು ತಿರುಗಿ ಹೇಳುತ್ತದೆ.

ಅವಳು ಬರೆಯುವುದು ಎಲಿಕ್ಸರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಕೇಳಿದೆ, "ಅದೇನವ್ವ ಪ್ರೋಟೊಕಾಲ್ ಪ್ರೋಟೊಕಾಲ್ ಅಂತ ಗೊಣಗ್ತಾ ಇರ್ತೀಯ, ಯಾರದು?"

ನಕ್ಕಳು. "ಮೇವು ಹಾಕೋದು ಅಂತೀಯಲ್ಲ ಅಜ್ಜಿ. ಕುರಿಗೆ ಸೊಪ್ಪು ಕಟ್ತೀಯ, ಕೋಳಿಗೆ ರಾಗಿ ಚೆಲ್ತೀಯ. ಕೆಲಸದ ಹೆಸ್ರು ಒಂದೇ, ಮಾಡೋ ರೀತಿ ಬ್ಯಾರೆ. ಆ ಹೆಸ್ರು ಪ್ರೋಟೊಕಾಲ್. ಒಂದೊಂದ್ ಪ್ರಾಣಿಗೂ ಹೆಂಗೆ ಅಂತ ಬರೀತೀನಲ್ಲ, ಅದು ಇಂಪ್ಲಿಮೆಂಟೇಶನ್."

"ಬರೀದೇ ಇರೋ ಪ್ರಾಣಿ ಬಂದ್ರೆ?"

"ನಿಂತೋಯ್ತದೆ. ಬೈಸ್ಕಳೋದು ನಾನು."

ಹಾಗೇ ಆಗುತ್ತಿತ್ತು. ಅವಳು ಬರೆದದ್ದು ಕುರಿಗೆ, ದನಕ್ಕೆ ಮಾತ್ರ. ಯಾರಾದರೂ ಮೇಕೆ ಎಂದರೆ ಆ್ಯಪ್ ನಿಲ್ಲುತ್ತಿತ್ತು, ಫೋನಿನ ಮೇಲೆ ಫೋನು ಬರುತ್ತಿತ್ತು. ಬೇಸತ್ತು ಒಂದು ಸಾಲು ಸೇರಿಸಿದಳು: ಬರೆಯದೆ ಇರುವ ಪ್ರಾಣಿ ಯಾವುದೇ ಬರಲಿ, ಕುರಿಯ ಲೆಕ್ಕವನ್ನೇ ಹೇಳು. ಅವಳಿಗೆ ಅದು ತಪ್ಪೆನ್ನಿಸಲಿಲ್ಲ. ಮಂದೆಯನ್ನು ಸಾಲಾಗಿ ಹಿಡಿದು ಔಷಧಿ ಕುಡಿಸುವಾಗ ನಡುವೆ ಸಿಕ್ಕ ಮೇಕೆಗೂ ನಾವು ಅದೇ ಬಾಟಲಿಯಿಂದ ಅಷ್ಟೇ ಕುಡಿಸುತ್ತಿದ್ದೆವು. ಅವಳು ನೋಡಿಕೊಂಡು ಬೆಳೆದದ್ದು ಅದನ್ನೇ.

ಪಕ್ಕದ ಮನೆಯ ಬೀರಲಿಂಗಯ್ಯನವರ ಮಂದೆ ಕಾಯುವ ನಾಯಿಯ ಹೆಸರು ಕೆಂಚ. ಮೊದಲ ತುತ್ತು ಕೆಂಚನಿಗೆ ಹಾಕದೆ ಬೀರಲಿಂಗಯ್ಯ ಉಣ್ಣುವವರಲ್ಲ. ಕಳೆದ ಮಳೆಗಾಲದಲ್ಲಿ ಕುರಿಗಳಿಗೆ ಔಷಧಿ ಕುಡಿಸಿದ ದಿನ, ನಾಯಿಗೂ ಹುಳ ಇರುತ್ತದಲ್ಲ ಎಂದು "ನಾಯಿ, ಹದಿನೆಂಟು ಕೆಜಿ" ಎಂದು ಫೋನಿಗೆ ಹೇಳಿದರು. ಅದು ಲೆಕ್ಕ ಹೇಳಿತು. ಕುಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಕೆಂಚನ ಹಿಂಗಾಲು ಸೋತವು, ಬಾಯಲ್ಲಿ ಜೊಲ್ಲು ಸುರಿಯಿತು. ಅನು ಮನೆಯಲ್ಲೇ ಇದ್ದಳು. ಕೆಂಚನನ್ನು ಎತ್ತಿಕೊಂಡು ಬೀರಲಿಂಗಯ್ಯ, ಅನು, ನಾನು ಮೂವರೂ ಆಟೋದಲ್ಲಿ ದನದ ಆಸ್ಪತ್ರೆಗೆ ಹೋದೆವು.

"ನಾಯಿಗೆ ಇಷ್ಟು ಕೊಡು ಅಂತ ಯಾರ್ರೀ ಹೇಳಿದ್ದು?" ಎಂದರು ಡಾಕ್ಟರು.

"ಫೋನು ಸ್ವಾಮಿ."

ಅನುವಿನ ಮುಖ ಕಪ್ಪಿಟ್ಟಿತು. ಹೊರಗೆ ಬಂದು ಮೆಹ್ರೀನ್‌ಗೆ ಫೋನು ಮಾಡಿದಳು. "ಆ್ಯಪ್ ಈಗ್ಲೇ ನಿಲ್ಸು ಕಣೇ. ಆಮೇಲೆ ಹೇಳ್ತೀನಿ." ಯಾಕೆಂದು ಆ ಹುಡುಗಿ ಕೇಳಲಿಲ್ಲ. "ನಿಲ್ಸ್ದೆ. ನೀನು ಅಳ್ಬೇಡ ಮೊದ್ಲು," ಎಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಡ್ರಿಪ್ ಹಾಕಿದರು. ಎರಡು ದಿನ ಕಳೆಯದೆ ಏನೂ ಹೇಳಲಾಗದು ಎಂದರು ಡಾಕ್ಟರು. ಬೀರಲಿಂಗಯ್ಯ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅನು ಅವರೆದುರು ನೆಲದ ಮೇಲೆ ಕೂತಳು.

"ತಾತ, ಆ ಲೆಕ್ಕ ಬರ್ದಿದ್ದು ನಾನು."

"ಗೊತ್ತು ಕಣವ್ವ. ನೀನ್ ಬರ್ದಿದ್ದು ಅಂತ್ಲೇ ನಂಬಿದ್ದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತನ್ನು ತಡೆಯಲಾರದೆ ಕೆಂಚನ ಕಾಲು ಸವರುತ್ತಾ ಹೇಳಿದಳು,

"ನಾಯಿ ವಿಷ್ಯ ನಾನು ಬರ್ದೇ ಇರ್ಲಿಲ್ಲ ತಾತ. ಗೊತ್ತಿಲ್ಲ ಅಂತ ಅದು ಹೇಳ್ಬೇಕಿತ್ತು. ನಾನೇ ಬುಡ್ಲಿಲ್ಲ."

"ಇನ್ಮೇಲೆ ಹೇಳಕ್ಕೆ ಬುಡು. ಗೊತ್ತಿಲ್ಲ ಅಂದ್ರೆ ಯಾರೇನ್ ಹೊಡೆದಾರು?"

ಮೂರನೆಯ ದಿನ ಕೆಂಚ ಎದ್ದು ನಿಂತ. ತೂರಾಡಿ ಮತ್ತೆ ಕೂತ. ಹಾಲಿಗೆ ಬಾಯಿ ಹಾಕಿದ. ಅವತ್ತೇ ಅನು ಆ ಸಾಲನ್ನು ಅಳಿಸಿದಳು. ಆ್ಯಪ್ ಬಳಸುತ್ತಿದ್ದ ಒಬ್ಬೊಬ್ಬರಿಗೂ ಫೋನು ಮಾಡಿ ತನ್ನ ತಪ್ಪು ಹೇಳಿಕೊಂಡಳು. ಡಾಕ್ಟರ ಎದುರು ಕೂತು ಮೇಕೆಗೆ ಬೇರೆ, ನಾಯಿಗೆ ಬೇರೆ ಬರೆದ ಮೇಲೆಯೇ ಆ್ಯಪ್ ಮತ್ತೆ ಶುರುವಾಯಿತು. ಬರೆಯದ ಪ್ರಾಣಿ ಬಂದರೆ ಈಗ ಅದು "ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ" ಎನ್ನುತ್ತದೆ. ಇದೆಂಥ ಆ್ಯಪು ಎಂದು ಕೆಲವರು ಬಿಟ್ಟೂ ಹೋದರಂತೆ.

ಮೊನ್ನೆ ಬೀರಲಿಂಗಯ್ಯ ನಮ್ಮ ಜಗಲಿಗೆ ಬಂದು ಫೋನು ಮುಂದೆ ಹಿಡಿದರು.

"ಮೊಲ ಅಂದ್ರೆ ಗೊತ್ತಿಲ್ಲ ಅಂತೈತಲ್ಲವ್ವ ಇದು!"

"ಮೊಲಕ್ಕೆ ಇನ್ನೂ ಬರ್ದಿಲ್ಲ ತಾತ. ಯಾವಾಗ ತಂದ್ರಿ ಮೊಲವ?"

"ಮೊಲ ಎಲ್ಲೈತೆ ನಮ್ಮನೇಲಿ? ಒಸಿ ನೋಡಾನ ಅಂತ ಕೇಳ್ದೆ."

ಹಾಗೆಂದವರು ಅಲ್ಲೇ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ತಮ್ಮ ಕುರಿಗಳ ತೂಕವನ್ನು ಒಂದೊಂದಾಗಿ ಹೇಳತೊಡಗಿದರು.