ಭಾವ ಮುಟ್ಟದ ರೆಕ್ಕೆ

ಅಕ್ಕನ ಗಂಡ ಹದಿನೆಂಟು ಚಳಿಗಾಲ ವಿಮಾನದ ರೆಕ್ಕೆಗಳ ಮೇಲಿನ ಮಂಜುಗಡ್ಡೆ ತೆಗೆದವರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ವಿಮಾನಕ್ಕೆ ಸ್ನಾನ ಮಾಡಿಸ್ತೀನಿ" ಎನ್ನುತ್ತಿದ್ದರು. ಬಿಸಿ ದ್ರಾವಣ ತುಂಬಿದ ಲಾರಿ ಓಡಿಸುವವನು ನಾನು. ಲಾರಿಯ ಉದ್ದ ತೋಳಿನ ತುದಿಯಲ್ಲಿ, ತೊಟ್ಟಿಯೊಳಗೆ ನಿಂತು ಪೈಪು ಹಿಡಿಯುವವರು ಭಾವ. ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಆ ಉಪಕಾರವನ್ನು ಒಂದು ದಿನವೂ ಎತ್ತಿ ಆಡಿದವರಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ದಿನಕ್ಕೆರಡು ಸಲ ಎತ್ತಿ ಆಡುತ್ತಿದ್ದೆ.

ನಮ್ಮಲ್ಲೊಂದು ನಿಯಮವಿದೆ. ದ್ರಾವಣ ಸುರಿದ ಮೇಲೆ ಕೈಗವಸು ಬಿಚ್ಚಿ, ಬರಿಗೈಯಲ್ಲಿ ರೆಕ್ಕೆಯನ್ನು ಸವರಿ ನೋಡಬೇಕು. ಕೆಲವು ಮಂಜುಗಡ್ಡೆ ಗಾಜಿಗಿಂತ ತಿಳಿ. ಒದ್ದೆ ರೆಕ್ಕೆಯ ಮೇಲೆ ಅದು ಕಣ್ಣಿಗೆ ಕಾಣುವುದೇ ಇಲ್ಲ, ಕೈಗೆ ಮಾತ್ರ ಸಿಗುತ್ತದೆ. ಉಳಿದುಹೋದರೆ, ವಿಮಾನ ಮೇಲೇರುವಾಗ ರೆಕ್ಕೆ ಬಾಗಿದೊಡನೆ ಹೆಂಚಿನ ಚೂರಿನಂತೆ ಕಿತ್ತೆದ್ದು ಹಿಂದಿನ ಎಂಜಿನ್ನಿನೊಳಕ್ಕೆ ನುಗ್ಗುತ್ತದೆ. ಆ ಚಳಿಗೆ ಭಾವನ ಬೆರಳುಗಳೆಲ್ಲ ಬಿರಿದಿರುತ್ತಿದ್ದವು. ಅವಕ್ಕೆ ಎಣ್ಣೆ ಹಚ್ಚುತ್ತ ಅಕ್ಕ ನಮ್ಮಿಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ಅವತ್ತು ಬೆಳಿಗ್ಗೆ ಮೂರು ವಿಮಾನ ತಡವಾಗಿದ್ದವು. ಮೊದಲನೆಯದರ ಎಡ ರೆಕ್ಕೆಯನ್ನು ಭಾವ ಎಂದಿನಂತೆ ಸವರಿ ನೋಡಿದರು. ಬಲ ರೆಕ್ಕೆಗೆ ಬಂದು ಕೈಗವಸು ಬಿಚ್ಚಲು ಹೊರಟಾಗ ಕೆಳಗಿನಿಂದ ನಾನು ಮೈಕಿನಲ್ಲಿ ಗೊಣಗಿದೆ:

"ಹೊಳೀತಾ ಇದೆಯಲ್ಲ ಭಾವ, ಇನ್ನೂ ಮುದ್ದು ಮಾಡ್ಬೇಕಾ ಅದನ್ನ? ಬನ್ನಿ, ಹೊಟ್ಟೆ ಚುರುಗುಟ್ತಿದೆ."

ಭಾವ ನಕ್ಕರು. "ಆಯ್ತಪ್ಪ, ಇಳಿಸು."

ಆಮೇಲೆ ಪೈಲಟ್‌ಗೆ ಅವರು, "ಎರಡೂ ರೆಕ್ಕೆ ಕೈಯಲ್ಲಿ ಮುಟ್ಟಿ ನೋಡಿದೀನಿ ಮೇಡಂ" ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಲಾರಿ ಹಿಂದಕ್ಕೆ ತೆಗೆದೆ.

ಮೇಲೇರಿದ ಮೂರೇ ನಿಮಿಷಕ್ಕೆ ಬಲಗಡೆಯ ಎಂಜಿನ್ ನಿಂತಿತು. ಪೈಲಟ್ ಉಳಿದೊಂದು ಎಂಜಿನ್ನಿನಲ್ಲೇ ವಿಮಾನ ತಿರುಗಿಸಿ ತಂದು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಕೈಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿದ ಹೆಂಗಸೊಬ್ಬಳು ನೆಲ ಸಿಕ್ಕಿದ್ದೇ ಕುಸಿದು ಕುಳಿತಳು. ಅವಳ ಕಡೆ ನೋಡಲಾರದೆ ನಾನು ಲಾರಿಯ ಕನ್ನಡಿ ಒರೆಸತೊಡಗಿದೆ.

ನಾಲ್ಕು ದಿನ ಭಾವನೂ ನಾನೂ ಆ ಮಾತೆತ್ತಲಿಲ್ಲ. ಐದನೆಯ ದಿನ ವಿಚಾರಣೆ. ಪೈಲಟ್ ಮೇಡಂ ತಪ್ಪನ್ನೆಲ್ಲ ತಮ್ಮ ತಲೆಗೇ ಕಟ್ಟಿಕೊಳ್ಳುತ್ತಿದ್ದರು.

"ಮೋಡದೊಳಗೆ ಎಂಜಿನ್ನಿಗೆ ಮಂಜು ಕಟ್ಟದ ಹಾಗೆ ಹೀಟರ್ ಹಾಕೋದು ತಡ ಮಾಡಿದೆ ಅನ್ಸುತ್ತೆ. ರೆಕ್ಕೆಯಲ್ಲಿ ಏನೂ ಇರಲಿಲ್ಲ, ಇವರು ಮುಟ್ಟಿ ನೋಡಿದ್ರು."

ಭಾವ ಎದ್ದು ನಿಂತರು. "ಇಲ್ಲ ಮೇಡಂ. ಬಲಗಡೇದು ಮುಟ್ಟಿಲ್ಲ. ನಿಮಗೆ ಸುಳ್ಳು ಹೇಳ್ದೆ."

"ಯಾಕೆ ಮುಟ್ಟಲಿಲ್ಲ?" ಎಂದರು ವಿಚಾರಣೆಯ ಅಧಿಕಾರಿ.

"ಸೋಮಾರಿತನ ಸಾರ್."

ಹದಿನೆಂಟು ವರ್ಷದಲ್ಲಿ ಆ ಮನುಷ್ಯನಿಗೆ ಆ ಮಾತು ಅಂದವರಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿದರು. "ಲಾರಿಯಲ್ಲಿ ನೀವಿದ್ರಿ. ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್. ರೆಕ್ಕೆ ಮೇಲೇನಿದೆ ಅಂತ ಕೆಳಗಿಂದ ಕಾಣಲ್ಲ."

ಎರಡನೆಯ ಮಾತು ನಿಜ. ಮೊದಲಿನ ಸುಳ್ಳಿಗಿಂತ ಆ ನಿಜ ಹೇಳಿದ್ದಕ್ಕೇ ನನಗೆ ಇಂದಿಗೂ ನಾಚಿಕೆ.

ಭಾವನ ಕೆಲಸ ಹೋಯಿತು, ನನ್ನದು ಉಳಿಯಿತು. ಮಾರನೆಯ ವಾರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಭಾವ ಅಡುಗೆಮನೆಯ ಮೂಲೆಯಲ್ಲಿ ಕೂತು ಸೋರುವ ನಲ್ಲಿ ರಿಪೇರಿ ಮಾಡುತ್ತಿದ್ದರು. ಅಕ್ಕ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು.

"ನಿನಗೆ ಗೊತ್ತಾಗಿದ್ದಿದ್ರೆ ಇವರನ್ನ ಹಾಗೆ ಇಳಿಯೋಕೆ ಬಿಡ್ತಿದ್ಯೇನೋ?" ಎಂದಳು ನನಗೆ.

ಭಾವ ತಲೆಯೆತ್ತಲಿಲ್ಲ. "ಅವನೆಲ್ಲಿ ಬಿಡ್ತಿದ್ದ," ಎಂದರು. "ಟೀ ಕೊಡು ಅವನಿಗೆ, ಚಳಿಯಲ್ಲಿ ಬಂದಿದಾನೆ."

ಅಕ್ಕ ಟೀ ತಂದುಕೊಟ್ಟಳು. ನಾನು ಕುಡಿದೆ.