ಬಾಗಿಲಿಗೆ ಬೆನ್ನು ಹಾಕದ ವಾರ್ಡೆಲ್

ವಾರ್ಡೆಲ್ ಟ್ಯಾಕೆಟ್ ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತದ್ದನ್ನು ಕಂಡವರಿಲ್ಲ. ಮಿಸೌರಿಯ ಗುಡ್ಡಗಳ ಸಂದಿಯಲ್ಲಿರುವ ಬೆಲ್‌ನಾಪ್ ಊರಿಗೆ ಇರುವುದೇ ಒಂದು ಹೋಟೆಲು. ಆ ಬಾಗಿಲಿನಿಂದ ಒಳಗೆ ಬರುವವರೆಲ್ಲ ಅವನಿಗೆ ಗೊತ್ತಿರುವವರೇ, ಅರ್ಧಕ್ಕರ್ಧ ಜನರ ಮನೆಗೆ ಕಾರ್ಪೆಟ್ ಹಾಸಿಕೊಟ್ಟವನೂ ಅವನೇ. ಆದರೂ ಪ್ರತಿ ಶನಿವಾರ ಸಂಜೆ ಗೋಡೆಗೆ ಒರಗಿ, ಗದ್ದ ಸ್ವಲ್ಪ ಮೇಲೆತ್ತಿ, ಬರುವವರ ಕೈ ಮೇಲೆ ಕಣ್ಣಿಟ್ಟು ಕೂರುತ್ತಿದ್ದ.

"ಗಂಡಸಾದವನು ಸುತ್ತ ಏನು ನಡೀತಿದೆ ಅಂತ ನೋಡ್ಕೊಂಡಿರ್ಬೇಕು," ಎನ್ನುತ್ತಿದ್ದ.

"ಹೂಂ," ಎಂದು ಎದುರು ಕೂತ ಹೆಂಡತಿ ನೋರೀನ್ ಕರಿದ ಮೀನಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು.

ಆಯುಷ್ಯವೆಲ್ಲ ಮಂಡಿಯಿಂದ ಗುದ್ದಿ ಗುದ್ದಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕಾರ್ಪೆಟ್ ಹಾಸಿದ ದೇಹ ಅದು. ಕೆಲಸ ಬಿಟ್ಟಾಗ ಮಂಡಿಯೂ ಹೆಬ್ಬೆರಳೂ ಅವನಿಗಿಂತ ಮೊದಲೇ ನಿವೃತ್ತಿ ಪಡೆದಿದ್ದವು. ಉಳಿದ ಒಂದೇ ಹುದ್ದೆಯೆಂದರೆ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲು ಕಾಯುವುದು. ಭಾನುವಾರ ಬಂದವರಿಗೆಲ್ಲ ಅಂದಿನ ಹಾಡುಗಳ ಹಾಳೆ ಕೊಟ್ಟು ಅಪ್ಪಿಕೊಂಡು ಒಳಗೆ ಕಳಿಸಬೇಕು. ಬೆಲ್‌ನಾಪಿನಲ್ಲಿ ಕೈಕುಲುಕುವುದೇನಿದ್ದರೂ ಬ್ಯಾಂಕಿನವರ ಜೊತೆ. ಚರ್ಚಿನವರ ಜೊತೆ ಅಪ್ಪುಗೆಯೇ.

ಈ ಅಪ್ಪುಗೆಯಿಂದ ವಾರ್ಡೆಲ್‌ಗೆ ಊರಿನ ಆರೋಗ್ಯದ ಬಗ್ಗೆ ಆಳವಾದ ತಿಳಿವಳಿಕೆ ಬಂದಿತ್ತು. ಪಿಯಾನೋ ನುಡಿಸುವ ಒಡೆಸ್ಸಾಗೆ ಸೊಂಟನೋವು, ಬೆನ್ನಿಗೆ ಗಟ್ಟಿ ಪಟ್ಟಿ ಕಟ್ಟಿಕೊಂಡಿದ್ದಾಳೆ. ಚರ್ಚಿನ ಹಿರಿಯ ಹರ್ಷೆಲ್‌ಗೆ ಸಕ್ಕರೆ ಕಾಯಿಲೆ, ಪಕ್ಕೆಗೆ ಇನ್ಸುಲಿನ್ ಯಂತ್ರ ಸಿಕ್ಕಿಸಿಕೊಂಡಿದ್ದಾನೆ. ವಿಧವೆ ಮೇವಿಸಳ ಬಲಸೊಂಟದಲ್ಲಿ ಗಡ್ಡೆ. ಆ ಗಡ್ಡೆಗಾಗಿ ವಾರ್ಡೆಲ್ ಯಾರಿಗೂ ಹೇಳದೆ ಎಷ್ಟೋ ಸಲ ಪ್ರಾರ್ಥನೆ ಮಾಡಿದ್ದ. ಕರಗಿರಲಿಲ್ಲ.

ಹೀಗೆ ಊರನ್ನೆಲ್ಲ ಎದೆಗವಚಿಕೊಳ್ಳುವವನಿಗೆ ಮನೆಯಲ್ಲಿ ಮಾತ್ರ ಅರ್ಧ ಅಪ್ಪುಗೆ. ಮೊದಲೆಲ್ಲ ನೋರೀನ್ ಎದುರಿನಿಂದ ಬಂದು ಎರಡೂ ಕೈಯಲ್ಲಿ ಬಳಸುತ್ತಿದ್ದಳು. ಹತ್ತು ಹನ್ನೊಂದು ವರ್ಷದಿಂದ ಬಲಗಡೆಯಿಂದ ಬಂದು, ಒಂದು ಕೈ ಹೆಗಲಿಗೆ ಹಾಕಿ, ಫೋಟೋಗೆ ನಿಂತವಳ ಹಾಗೆ ನಿಂತು ಹೋಗಿಬಿಡುವಳು. ಬಿರುಬೇಸಿಗೆಯಲ್ಲೂ ಉದ್ದನೆಯ ಸ್ವೆಟರ್ ಬೇರೆ. ವಯಸ್ಸಾಯಿತು, ಚಳಿ ಜಾಸ್ತಿಯಾಯಿತು, ಪ್ರೀತಿ ಕಡಿಮೆಯಾಯಿತು ಎಂದು ವಾರ್ಡೆಲ್ ತಾನೇ ತೀರ್ಮಾನಿಸಿ, ಯಾರನ್ನೂ ಕೇಳದೆ ನುಂಗಿಕೊಂಡಿದ್ದ.

ಹೀಗಿರುವಾಗ ಒಂದು ದಿನ ಹರ್ಷೆಲ್ ಬಂದು, "ಬ್ರದರ್ ವಾರ್ಡೆಲ್, ಕಾಲ ಕೆಟ್ಟಿದೆ. ಈ ಭಾನುವಾರದಿಂದ ಬಾಗಿಲಲ್ಲಿ ನಿಲ್ಲೋರ ಹತ್ರ ಪಿಸ್ತೂಲು ಇರ್ಲೇಬೇಕು ಅಂತ ತೀರ್ಮಾನ ಆಗಿದೆ. ಬಟ್ಟೆ ಒಳಗೆ, ಯಾರಿಗೂ ಕಾಣ್ಬಾರ್ದು. ನಿಮ್ಮ ಹತ್ರ ಇದೆ ತಾನೆ?" ಎಂದ.

"ಒಳ್ಳೇ ಮಾತು ಕೇಳಿದ್ರಿ. ಇಲ್ಲದೆ ಏನು!" ಎಂದ ವಾರ್ಡೆಲ್.

ಅವನಲ್ಲಿ ಇದ್ದದ್ದು ಜಿಂಕೆ ಹೊಡೆಯುವ ಉದ್ದನೆಯ ಕೋವಿ. ಅದನ್ನು ಪ್ಯಾಂಟಿನೊಳಗೆ ಬಚ್ಚಿಟ್ಟುಕೊಂಡು ನಿಂತರೆ ಮಂಡಿ ಮಡಿಸಲಾಗದು, ಅಪ್ಪಿಕೊಳ್ಳುವುದಂತೂ ದೂರದ ಮಾತು. ಆದರೆ ಇಲ್ಲ ಎಂದಿದ್ದರೆ ಬಾಗಿಲು ಕೈತಪ್ಪುತ್ತಿತ್ತು. ಇನ್ನೊಂದು ಆಸೆಯನ್ನು ಅವನು ತನಗೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ತಾನು ಸೊಂಟದಲ್ಲಿ ಆಯುಧವಿಟ್ಟು ಊರನ್ನು ಕಾಯುವುದನ್ನು ಕಂಡರೆ ನೋರೀನ್ ಮತ್ತೆ ಎದುರಿನಿಂದ ಬಂದು ಅಪ್ಪಿಕೊಂಡಾಳು ಎಂಬುದು.

ಅವಳಿಗೆ ವಿಷಯ ಹೇಳಿದಾಗ ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ, "ಬೇಡ ಮಾರಾಯ, ನಿನಗೆ ಯಾಕೆ ಅದೆಲ್ಲ?" ಎಂದಳು. ತನ್ನ ಮೇಲೆ ಅವಳಿಗೆ ಇಷ್ಟೂ ಭರವಸೆಯಿಲ್ಲವೇ ಎಂದು ಅವನಿಗೆ ಚುರುಕ್ಕೆಂದಿತು. ಶನಿವಾರ ಬೆಳಿಗ್ಗೆಯೇ ಗಾಡಿ ಹತ್ತಿ ಟ್ವೈಲಾಳ ಅಂಗಡಿಗೆ ಹೊರಟ.

ಟ್ವೈಲಾ ಶಾಲೆಯಲ್ಲಿ ಅವನಿಗಿಂತ ನಾಲ್ಕು ತರಗತಿ ಮುಂದಿದ್ದವಳು. ಅಂಗಡಿಯ ಒಂದು ಗೋಡೆಗೆ ಮೀನಿನ ಗಾಳ, ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಪಿಸ್ತೂಲು, ನಡುವೆ ಕಾಫಿ ಕೆಟಲ್ ಇಟ್ಟುಕೊಂಡು ಕೂರುವಳು.

"ಚಿಕ್ಕದಿರ್ಬೇಕು, ಚೆನ್ನಾಗಿರ್ಬೇಕು, ಅಗ್ಗ ಇರ್ಬೇಕು," ಎಂದ ವಾರ್ಡೆಲ್.

"ಮೂರೂ ಒಟ್ಟಿಗೆ ಬೇಕು ಅಂದ್ರೆ ನಿಮ್ಮ ಚರ್ಚಲ್ಲಿ ಕೇಳು. ಇಲ್ಲಿ ಅಷ್ಟು ಸುಲಭ ಅಲ್ಲ," ಎಂದಳು ಅವಳು.

ಮೊದಲು ಪೊಲೀಸರು ಬಳಸಿ ಬಿಟ್ಟ ದೊಡ್ಡ ಪಿಸ್ತೂಲು ಬಂತು. ಬೆಲೆ ಹಿತವಾಗಿತ್ತು. ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿ ಅವನ ಕೈಗೆ ಕೊಟ್ಟಳು. ಅವನು ಉಸಿರು ಬಿಗಿಹಿಡಿದು ಚರ್ಮದ ಒರೆಯ ಸಮೇತ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಶರ್ಟು ಇಳಿಬಿಟ್ಟು ಕನ್ನಡಿ ನೋಡಿಕೊಂಡ.

"ಹೆಂಗಿದೆ?"

"ಹೊಟ್ಟೆಗೆ ಮರಿ ಹುಟ್ಟಿದ ಹಾಗಿದೆ. ತೆಗಿ."

ಎರಡನೆಯದು ಅಂಗೈಯಗಲದ ಪಿಸ್ತೂಲು, ಅವನ ಕಿಸೆಗೂ ಒಪ್ಪುವ ಬೆಲೆ. ಕನ್ನಡಿಯೂ ಒಪ್ಪಿತು. "ಸರಿ, ಈಗ ಇದರ ಮೇಲ್ಭಾಗ ಹಿಡಿದು ಹಿಂದಕ್ಕೆಳಿ. ಹಾಗೆ ಎಳೆದ್ರೇನೇ ಗುಂಡು ನಳಿಗೆಗೆ ಏರೋದು," ಎಂದಳು ಟ್ವೈಲಾ. ವಾರ್ಡೆಲ್ ಎಳೆದ. ಅದು ಜಗ್ಗಲಿಲ್ಲ. ತುಟಿ ಕಚ್ಚಿ ಎಳೆದ. ಹೆಬ್ಬೆರಳ ಬುಡದಲ್ಲಿ ಬೆಂಕಿ ಹತ್ತಿತು.

"ಎಣ್ಣೆ ಕಡಿಮೆಯಾಗಿದೆ ಇದಕ್ಕೆ."

"ಎಣ್ಣೆ ಕಡಿಮೆಯಾಗಿರೋದು ನಿನಗೆ. ಇಂಥದ್ದು ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ. ಹೊತ್ತಿಗೆ ಸರಿಯಾಗಿ ಎಳೆಯೋಕಾಗ್ದೆ ಇದ್ರೆ ಇದೂ ಒಂದೇ, ಕಲ್ಲೂ ಒಂದೇ. ಬಿಡು, ನಿನ್ನ ಕೈಗೆ ತಕ್ಕದ್ದು ಬೇರೆ ಇದೆ."

ಅವಳು ಹಿಂದಿನ ಅರೆಯಿಂದ ಗಿಡ್ಡ ಮೂತಿಯ ರಿವಾಲ್ವರ್ ತೆಗೆದಿಟ್ಟಳು. ಐದು ಗುಂಡು. ಎಳೆಯುವುದೇನೂ ಇಲ್ಲ, ಟ್ರಿಗರ್ ಒತ್ತಿದರಾಯಿತು. ಯಾರೋ ಬಳಸಿದ್ದು, ಹಾಗಾಗಿ ಅಗ್ಗ. ವಾರ್ಡೆಲ್ ಹಿಡಿದು ನೋಡಿದ. ಹೆಬ್ಬೆರಳಿಗೆ ನೋವಿಲ್ಲ, ಜಂಬಕ್ಕೆ ಮಾತ್ರ ಸ್ವಲ್ಪ.

"ಇದು ಹೆಂಗಸರು ಇಟ್ಕೊಳ್ಳೋದಲ್ವಾ?"

"ಗುಂಡು ತಿಂದೋನು ಕೇಳಲ್ಲ ಬಿಡು. ನೋರೀನ್‌ಗೂ ಹೀಗೇ ಆಗಿತ್ತು, ಬೆರಳಿಗೆ ಬಲ ಸಾಲ್ದೆ ಕೊನೆಗೆ ಇದರ ಜೊತೇದನ್ನೇ ತಗೊಂಡ್ಳು. ಮನೇಲೇ ಅವಳದ್ದು ಹಿಡಿದು ನೋಡಿದ್ರೆ ಇಲ್ಲೀವರೆಗೂ ಬರೋ ಕೆಲಸ ಇರ್ಲಿಲ್ವಲ್ಲೋ."

ವಾರ್ಡೆಲ್ ರಿವಾಲ್ವರನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟ.

"ಯಾವ ನೋರೀನ್?" ಎಂದ ವಾರ್ಡೆಲ್.

"ಊರಲ್ಲಿ ಎಷ್ಟು ಜನ ನೋರೀನ್ ಇದಾರೆ?" ಎಂದು ನಕ್ಕ ಟ್ವೈಲಾ ಅವನ ಮುಖ ನೋಡಿ ನಗು ನುಂಗಿದಳು. "ಅಯ್ಯೋ ದೇವರೇ. ನಿನಗೆ ಗೊತ್ತಿಲ್ವಾ? ಹನ್ನೊಂದು ವರ್ಷ ಆಯ್ತಲ್ಲೋ! ಒಡೆಸ್ಸಾ, ಮೇವಿಸ್, ಇವಳು, ಮೂರೂ ಜನ ಗುರುವಾರ ಗುರುವಾರ ನಮ್ಮ ಹಿಂದಿನ ಮೈದಾನದಲ್ಲೇ ಗುರಿ ಅಭ್ಯಾಸ ಮಾಡೋದು."

ಗುರುವಾರ ಕೌದಿ ಹೊಲಿಯುವ ಸಂಘಕ್ಕೆ ಹೋಗುವುದಾಗಿ ನೋರೀನ್ ಹೇಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಮನೆಗೆ ಒಂದೂ ಕೌದಿ ಬಂದಿರಲಿಲ್ಲ. ಅದನ್ನೂ ಅವನು ಗಮನಿಸಿರಲಿಲ್ಲ.

ವಾರ್ಡೆಲ್ ಏನೂ ಕೊಳ್ಳದೆ ಹೊರಬಂದು ಗಾಡಿಯಲ್ಲಿ ಕೂತ. ಬೀಗದಕೈ ತಿರುಗಿಸಲು ಕೈ ಬರಲಿಲ್ಲ. ಒಡೆಸ್ಸಾಳ ಬೆನ್ನಪಟ್ಟಿ ಕಣ್ಣಮುಂದೆ ಬಂತು. ಹರ್ಷೆಲನ ಇನ್ಸುಲಿನ್ ಯಂತ್ರ ಬಂತು. ಪ್ರತಿ ಹಬ್ಬದೂಟದಲ್ಲೂ ಆ ಮನುಷ್ಯ ಎರಡೆರಡು ತುಂಡು ಸಿಹಿ ಕಡುಬು ತಿನ್ನುತ್ತಿದ್ದ. ಮೇವಿಸಳ ಕರಗದ ಗಡ್ಡೆ ಬಂತು. ಇಡೀ ಚರ್ಚು ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲು ಸಿಕ್ಕಿಸಿಕೊಂಡು ದೇವರ ಹಾಡು ಹಾಡುತ್ತಿದ್ದಾಗ, ಆ ಕಟ್ಟಡದಲ್ಲಿ ಬರಿಗೈಯಲ್ಲಿದ್ದವನು ಬಾಗಿಲು ಕಾಯುತ್ತಿದ್ದವನೊಬ್ಬನೇ. ಒಂದೊಂದನ್ನೂ ಕೈಯಾರೆ ತಡವಿಯೂ ತಿಳಿದಿರಲಿಲ್ಲ.

ಮನೆಗೆ ಬಂದಾಗ ನೋರೀನ್ ಒಲೆಯ ಮುಂದೆ ಮರುದಿನದ ಊಟಕ್ಕೆ ಜೋಳದ ರೊಟ್ಟಿಯ ಹಿಟ್ಟು ಕಲಸುತ್ತಿದ್ದಳು.

"ನಿನ್ನ ಸ್ವೆಟರ್ ಎತ್ತು," ಎಂದ.

ಅವಳು ಅವನನ್ನೇ ನೋಡಿದಳು. ಕೈ ಒರೆಸಿಕೊಂಡು, ಮಾತಾಡದೆ ಬಲಗಡೆ ಸ್ವೆಟರ್ ಎತ್ತಿದಳು. ಕರಿಚರ್ಮದ ಒರೆ. ಅಂಚೆಲ್ಲ ಸವೆದು, ಅವಳ ಸೊಂಟದ ಬಾಗಿಗೆ ತಾನೂ ಬಾಗಿತ್ತು. ರಿವಾಲ್ವರನ್ನು ಬಿಟ್ಟು ಅವನು ಆ ಸವೆತವನ್ನೇ ನೋಡಿದ.

"ಟ್ವೈಲಾ ಬಾಯಿಬಿಟ್ಳಾ?"

"ಯಾಕೆ ನೋರೀನ್? ನಾನು ಇರ್ಲಿಲ್ವಾ?"

"ನಾನು ಔಷಧಿ ಅಂಗಡೀಲಿ ಸಂಜೆ ಪಾಳಿ ಮಾಡ್ತಿದ್ದೆನಲ್ಲ, ಆಗ ಒಬ್ಬ ಕಾರಿನ ತನಕ ನನ್ನ ಹಿಂದೇನೇ ಬರೋನು. ಒಂದಿನ ಅಲ್ಲ, ದಿನಾ. ನಾನು ಕಾರಿನ ಬಾಗಿಲು ಹಾಕ್ಕೊಂಡ ಮೇಲೂ ಅಲ್ಲೇ ನಿಂತು ನೋಡೋನು."

"ನನಗೆ ಹೇಳ್ಬಾರ್ದಿತ್ತಾ!"

"ಹೇಳಿದ್ದೆ. ಹೋಟೆಲಲ್ಲಿ, ನಮ್ಮ ಮೇಜಲ್ಲೇ ಕೂತು. ನೀನು ಬಾಗಿಲು ನೋಡ್ತಿದ್ದೆ. 'ನಿನ್ನ ಹಿಂದೆ ಯಾರು ಬರ್ತಾರೆ ಬಿಡೇ, ಈ ವಯಸ್ಸಲ್ಲಿ' ಅಂತ ನಕ್ಕೆ. ಆಮೇಲೆ ಅವತ್ತು ಹಿಡಿದ ಮೀನಿನ ಕತೆ ಶುರು ಮಾಡ್ದೆ. ಮಾರನೇ ದಿನ ನಾನು ಟ್ವೈಲಾ ಹತ್ರ ಹೋದೆ."

ವಾರ್ಡೆಲ್‌ಗೆ ಆ ಮೀನು ಚೆನ್ನಾಗಿ ನೆನಪಿತ್ತು. ಅದರ ತೂಕ, ಅದು ದಾರ ಹರಿಯಲು ಹೆಣಗಿದ ರೀತಿ, ಕೇಳಿದವರ ಉದ್ಗಾರ ಎಲ್ಲವೂ. ನೋರೀನ್ ಹೇಳಿದ ಆ ಮಾತು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.

"ಅವನು... ಆ ಮನುಷ್ಯ ಏನಾದ?"

"ಒಂದು ತಿಂಗಳು ಬಂದ. ಆಮೇಲೆ ಬರೋದು ಬಿಟ್ಟ. ನನಗೆ ಮಾತ್ರ ಇದನ್ನ ಬಿಚ್ಚಿಡೋಕೆ ಧೈರ್ಯ ಬರ್ಲಿಲ್ಲ."

"ಅದಕ್ಕೇನಾ ನೀನು... ಪಕ್ಕದಿಂದ..." ಎಂದು ವಾರ್ಡೆಲ್ ತನ್ನ ಬಲಹೆಗಲು ತೋರಿಸಿದ.

"ತಾಗಿದ್ರೆ ಗೊತ್ತಾಗುತ್ತಲ್ಲ ನಿನಗೆ. ಗೊತ್ತಾದ್ರೆ ಮತ್ತೆ ನಗ್ತೀಯ ಅಂತ."

"ನಾನು ನಿನಗೆ ಬೇಡವಾದೆ ಅಂದ್ಕೊಂಡಿದ್ದೆ ನೋರೀನ್."

ಈಗ ದಂಗಾದವಳು ಅವಳು. ಕೈ ಬಾಯಿಗೆ ಹೋಯಿತು. "ಇಷ್ಟು ವರ್ಷ ಹಾಗಂದ್ಕೊಂಡೇ ನನ್ನ ಪಕ್ಕ ಮಲಗ್ತಿದ್ಯಾ? ಒಂದು ಮಾತು ಕೇಳ್ಬಾರ್ದಿತ್ತಾ, ಪೆದ್ದಾ?"

ವಾರ್ಡೆಲ್ ಫೋನು ತೆಗೆದು ಹರ್ಷೆಲ್‌ಗೆ ಕರೆ ಮಾಡಿದ. "ನನ್ನ ಹತ್ರ ಪಿಸ್ತೂಲು ಇಲ್ಲ. ಇದೆ ಅಂದಿದ್ದು ಸುಳ್ಳು. ಬಾಗಿಲಿಗೆ ಬೇರೆಯವರನ್ನ ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಇಟ್ಟ. ಇನ್ಸುಲಿನ್ ಯಂತ್ರದ ವಿಚಾರ ಕೇಳೋಣವೆನ್ನಿಸಿತು, ಕೇಳಲಿಲ್ಲ.

ಸಂಜೆ ಎಂದಿನಂತೆ ಹೋಟೆಲಿಗೆ ಹೋದರು. ನೋರೀನ್ ತನ್ನ ಮಾಮೂಲಿ ಕುರ್ಚಿಯತ್ತ ನಡೆದಾಗ ವಾರ್ಡೆಲ್ ಅವಳಿಗಿಂತ ಮೊದಲೇ ಹೋಗಿ ಅದರಲ್ಲಿ ಕೂತುಬಿಟ್ಟ, ಬಾಗಿಲಿಗೆ ಬೆನ್ನು ಹಾಕಿ. ಕತ್ತಿನ ಹಿಂಭಾಗ ಜುಮ್ಮೆಂದಿತು. ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆ ತಾನಾಗಿ ತಿರುಗಲು ಹೊರಟಿತು.

"ತಿರುಗ್ಬೇಡ," ಎಂದಳು ನೋರೀನ್, ಗೋಡೆಗೆ ಒರಗಿ ಕೂರುತ್ತ. "ಬಾಗಿಲು ನಾನು ನೋಡ್ತಿರ್ತೀನಿ."

ಮೀನು ಬಂತು. ಅವನು ಮುಟ್ಟಲಿಲ್ಲ.

"ಹೇಳು," ಎಂದ. "ಆ ಮನುಷ್ಯ ಮೊದಲನೇ ದಿನ ಹಿಂದೆ ಬಂದಾಗಿಂದ ಹೇಳು. ನೀನು ಅಂಗಡಿ ಬೀಗ ಹಾಕಿ ಹೊರಗೆ ಬಂದೆ. ಆಮೇಲೆ?"

ನೋರೀನ್ ನಿಂಬೆಹಣ್ಣು ಕೆಳಗಿಟ್ಟು ಹೇಳತೊಡಗಿದಳು. ಬೆನ್ನ ಹಿಂದೆ ಬಾಗಿಲು ತೆರೆಯಿತು, ಮುಚ್ಚಿತು. ಯಾರು ಬಂದರೆಂದು ವಾರ್ಡೆಲ್‌ಗೆ ತಿಳಿಯಲಿಲ್ಲ.