ಹುಳ ಜ್ವರಕ್ಕೆ ಕೂತ ದಿನ

ಸೋಮವಾರ ಟೆಸ್ಟು ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ನನ್ನ ತರಗತಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಹತ್ತಿರ ಹೋದೆ. ಅವಳ ಕೈಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂತು.

ನಾನು ಶಾಲೆ ಓದುವ ಕಾಲದಲ್ಲಿ ಹೊನ್ನೂರಿನ ಯಜಮಾನರೊಬ್ಬರ ಮನೆಯ ರೇಷ್ಮೆಹುಳಕ್ಕೆ ಅವ್ವನೂ ನಾನೂ ಕೂಲಿಗೆ ಸೊಪ್ಪು ಕೊಯ್ಯುತ್ತಿದ್ದೆವು. ಅವರ ಮಗಳೂ ನಾನೂ ಒಂದೇ ತರಗತಿ. ಹುಳ ಮೇಯುವ ದಿನಗಳಲ್ಲಿ ಅವಳು ಶಾಲೆಗೆ, ನಾನು ತೋಟಕ್ಕೆ. ಮೇಷ್ಟ್ರ ಲೆಕ್ಕದಲ್ಲಿ ಅವಳು ಜಾಣೆ, ನಾನು ದಡ್ಡಿ.

ಗಣಿತ ಪರೀಕ್ಷೆಯ ಬೆಳಿಗ್ಗೆಯೂ ಅವ್ವನ ಜೊತೆ ಬುಟ್ಟಿ ಹಿಡಿದೇ ಹೊರಟಿದ್ದೆ. ಯಜಮಾನರ ಹೆಂಡತಿ ಬಾಗಿಲಲ್ಲೇ ತಡೆದರು.

"ಉಳ ಎಲ್ಲಾ ಜ್ವರಕ್ಕೆ ಕೂತವೆ ಕಣಮ್ಮಿ. ಇವತ್ತು ಸೊಪ್ಪು ಬ್ಯಾಡ."

ಪೊರೆ ಬಿಡುವ ಮುನ್ನ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳಕ್ಕೆ ಹಸಿವಿಲ್ಲದ ದಿನ ನನಗೆ ರಜೆ!

ಅವ್ವ ಬುಟ್ಟಿ ಕಿತ್ತುಕೊಂಡಳು. "ಏನ್ ನೋಡ್ತಾ ನಿಂತ್ಕಂಡಿದ್ದೀಯೆ? ಓಡು ಇಸ್ಕೂಲ್ಗೆ!"

ಕೈಯನ್ನೂ ತೊಳೆಯದೆ ಓಡಿದೆ. ಉತ್ತರದ ಹಾಳೆಗೆಲ್ಲ ಸೊಪ್ಪಿನ ಹಸಿರು ಅಂಟಿತು. ಪಾಸಾದೆ.

ಈಗ ಹುಡುಗಿಯ ಪಕ್ಕ ಕೂತು ಕೇಳಿದೆ, "ನಿಮ್ಮುಳ ಜ್ವರಕ್ಕೆ ಕೂರಾದು ಯಾವತ್ತು ಮಗ?"

"ಗುರ್ವಾರ, ಮಿಸ್."

ಎದ್ದು ಹೋಗಿ ಸೋಮವಾರವನ್ನು ಒರೆಸಿ ಗುರುವಾರ ಎಂದು ಬರೆದೆ.